ಓದುಗರ ಪ್ರಶ್ನೆ: ಚೀನಿಕಾಯಿ ಸಾಲಿಗೆ ಬೆಳಗ್ಗೆ ಯಾರು ಹೋಗೋದು?

ಈ ಸಲ ಬಂದ ಕಾಗದ, ವಾಟ್ಸಾಪ್ ಮೆಸೇಜು ಎಲ್ಲ ಸೇರಿಸಿ ನೋಡಿದ್ರೆ ಅರ್ಧಕ್ಕರ್ಧ ಚೀನಿಕಾಯಿದ್ದೇ, ಅಂದ್ರೆ ಸಿಹಿ ಕುಂಬಳದ್ದೇ. ಕಳೆದ ಸಂಚಿಕೆಯಲ್ಲಿ ನಮ್ಮನೆ ಗದ್ದೆಯಲ್ಲಿ ಎಲ್ಲರೂ ಸೇರಿ ಮಾಡುವ ಚೀನಿಕಾಯಿ ಸಾಲಿನ ಬಗ್ಗೆ ನಾಲ್ಕು ಗೆರೆ ಬರೆದಿದ್ದೆ, ಅಷ್ಟಕ್ಕೇ ಇಷ್ಟು ಪ್ರಶ್ನೆ ಬಂದಿದೆ, ತುಂಬಾ ಖುಷಿಯಾಯ್ತು. ಎಲ್ಲದಕ್ಕೂ ಜಾಗ ಸಾಲ್ಲಿಕ್ಕಿಲ್ಲ, ಒಂದೇ ತರದ್ದನ್ನು ಸೇರಿಸಿ ಉತ್ತರ ಬರೀತಿದ್ದೇನೆ.

ಅಕ್ಕ, ನಾನು ಮದುವೆಯಾಗಿ ಶಿವಮೊಗ್ಗ ಕಡೆಯಿಂದ ಕಾಸರಗೋಡಿನ ಮುಳ್ಳೇರಿಯಾಕ್ಕೆ ಬಂದವಳು. ಅಂಗಡಿಯಲ್ಲಿ ಕುಂಬಳಕಾಯಿ ಬೀಜ ಅಂತ ಕೇಳಿ ತಂದು ಹಾಕಿದೆ. ಬಳ್ಳಿ ಚೆನ್ನಾಗಿ ಬಂತು, ಆದ್ರೆ ಈಗ ಕಾಯಿ ಮೇಲೆ ಬಿಳಿ ಬೂದಿ, ಕೊಯ್ದು ನೋಡಿದ್ರೆ ಒಳಗೂ ಬೆಳ್ಳಗೆ. ಬೀಜ ಮೋಸವಾ?

ಮೋಸ ಅಲ್ಲ ತಂಗಿ, ಹೆಸರಿನ ಎಡವಟ್ಟು. ನಿಮ್ಮ ಊರಲ್ಲಿ ಕುಂಬಳಕಾಯಿ ಅಂದ್ರೆ ಹಳದಿ ತಿರುಳಿನ ಸಿಹಿ ಕುಂಬಳ, ಇಲ್ಲಿ ಬರೀ ಕುಂಬಳಕಾಯಿ ಅಂದ್ರೆ ಬೂದುಗುಂಬಳ. ಸಿಹಿ ಕುಂಬಳಕ್ಕೆ ನಾವು ಚೀನಿಕಾಯಿ ಅಂತೇವೆ, ತುಳುವಲ್ಲಿ ಕೆಂಬುಡೆ, ಮಲಯಾಳದಲ್ಲಿ ಮತ್ತನ್. ಮಲಯಾಳದಲ್ಲೂ ಕುಂಬಳಂ ಅಂದ್ರೆ ಬೂದುಗುಂಬಳವೇ, ಹಾಗಾಗಿ ಅಂಗಡಿಯವರು ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ. ಇನ್ನು ಮುಂದೆ ಕೃಷಿ ಭವನಕ್ಕೆ ಹೋದ್ರೂ ಅಂಗಡಿಗೆ ಹೋದ್ರೂ ಮತ್ತನ್ ಅಂತ ಕೇಳಿ. ಪ್ಯಾಕೆಟ್ ಮೇಲೆ ಮಲಯಾಳ ಓದ್ಲಿಕ್ಕೆ ಬಾರದಿದ್ರೆ ಬೀಜ ನೋಡಿ ಗುರುತು ಹಿಡೀಬಹುದು, ಚೀನಿಕಾಯಿ ಬೀಜ ದೊಡ್ಡದು, ಚಪ್ಪಟೆ, ಬೂದುಗುಂಬಳದ್ದು ಸಣ್ಣ, ಸುತ್ತ ಅಂಚು ದಪ್ಪ.

ತಳಿ ಯಾವುದು ಅಂತ ಇನ್ನೂ ಇಬ್ಬರು ಕೇಳಿದ್ದಾರೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಬಿಲಿ, ಸರಸ್, ಸುವರ್ಣ, ಸೂರಜ್ ಇದೆ, ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಇದೆ. ನಾಲ್ಕೈದು ಜನರ ಮನೆಗೆ ನಾನು ಅರ್ಕಾ ಚಂದನ್ ಹೇಳ್ತೇನೆ ಯಾಕಂದ್ರೆ ಕಾಯಿ ಎರಡು ಮೂರು ಕಿಲೋ ಅಷ್ಟೇ, ಒಡೆದದ್ದು ಎರಡು ದಿನದಲ್ಲಿ ಮುಗೀತದೆ. ದೊಡ್ಡ ಕಾಯಿ ನೋಡ್ಲಿಕ್ಕೆ ಚಂದ, ಒಡೆದ ಮೇಲೆ ಅರ್ಧ ಹಾಳಾಗ್ತದೆ, ಇಲ್ಲ ಅಂದ್ರೆ ನೆರೆಮನೆಗೆಲ್ಲ ಹಂಚ್ಬೇಕು, ಹಂಚುವುದೂ ಒಳ್ಳೇದೇ ಅನ್ನಿ.

ಬದಿಯಡ್ಕ ಹತ್ರ ನಮಗೆ 20 ಸೆಂಟ್ಸ್ ಗದ್ದೆ ಉಂಟು, ಏಣೆಲು (ಮಳೆಗಾಲದ ಭತ್ತ) ಬೆಳೆ ಮಾತ್ರ ಮಾಡ್ತೇವೆ, ಮತ್ತೆ ಖಾಲಿ. ಮನೆಯವರೆಲ್ಲ ಸೇರಿ ಚೀನಿಕಾಯಿ ಮಾಡುವ ಅಂತ ಆಲೋಚನೆ. ಯಾವ ತಿಂಗಳಲ್ಲಿ ಎಂತ ಮಾಡ್ಬೇಕು, ಸುರುವಿಂದ ಹೇಳ್ತೀರಾ?

ಹೇಳ್ತೇನೆ ಅಣ್ಣ. ನಮ್ಮಲ್ಲಿ ಚೀನಿಕಾಯಿಗೆ ಮೂರು ಹೊತ್ತು. ಮೇ ಕೊನೆಗೆ ಮೊದಲ ಮಳೆ ಬಿದ್ದಾಗ ಹಾಕುವುದೊಂದು, ಸೆಪ್ಟೆಂಬರ್ ನಂತರ ಹಾಕುವುದೊಂದು, ಜನವರಿಯಲ್ಲಿ ಹಾಕುವುದೊಂದು. ಮೂರರಲ್ಲಿ ನಂಬುವಂಥದ್ದು ಜನವರಿಯದ್ದೇ. ಮಳೆಗಾಲದ್ದು ಬಳ್ಳಿ ಸೊಕ್ಕಿ ಬರ್ತದೆ, ಕಾಯಿ ಕಡಿಮೆ. ಸೆಪ್ಟೆಂಬರಿದ್ದು ಪರವಾಗಿಲ್ಲ ಆದ್ರೆ ಅಕ್ಟೋಬರಿನ ಸಂಜೆ ಗುಡುಗು ಮಳೆ ಒಂದೊಂದು ವರ್ಷ ಸಸಿಯನ್ನೇ ಮಲಗಿಸ್ತದೆ. ಜನವರಿ ಮಧ್ಯದಲ್ಲಿ ಹಾಕಿದ್ರೆ ಹೂ ಬಿಡುವಾಗ ಬಿಸಿಲು, ಜೇನು ಹಾರುವ ಕಾಲ, ಕಾಯಿ ಬಲಿಯುವಾಗ ಒಣ ಹವೆ, ಮೇ 15ರ ಹೊತ್ತಿಗೆ ಕಾಯಿ ಅಟ್ಟದಲ್ಲಿ. ಮೇ ಕೊನೆವಾರದ ಹೊತ್ತಿಗೆ ಬರುವ ಪತ್ತನಾಜೆಗೆ ಹತ್ತು ಹನಿ ಮಳೆ ಬೀಳ್ಬೇಕು ಅಂತ ಹಿರಿಯರು ಹೇಳ್ತಾರಲ್ಲ, ಆ ಹತ್ತು ಹನಿ ನಮ್ಮ ಕಾಯಿ ಮೇಲೆ ಬೀಳಬಾರದು, ಲೆಕ್ಕ ಇಷ್ಟೇ.

ಗುಂಡಿ ಡಿಸೆಂಬರಲ್ಲೇ ತೆಗೀರಿ. ಎರಡಡಿ ಅಗಲ, ಒಂದರಿಂದ ಒಂದೂವರೆ ಅಡಿ ಆಳ. ಸಾಲಿಂದ ಸಾಲಿಗೆ ನಾಲ್ಕೂವರೆ ಮೀಟರ್, ಸಾಲಿನೊಳಗೆ ಗುಂಡಿಯಿಂದ ಗುಂಡಿಗೆ ಎರಡು ಮೀಟರ್. ಎಷ್ಟು ಜಾಗ ವೇಸ್ಟ್ ಅಂತ ಸುರುವಿಗೆ ಅನಿಸ್ತದೆ, ಮಾರ್ಚಿಗೆ ಬಂದು ನೋಡಿ, ಕಾಲಿಡ್ಲಿಕ್ಕೆ ಜಾಗ ಇರ್ಲಿಕ್ಕಿಲ್ಲ. ಈ ಲೆಕ್ಕದಲ್ಲಿ 20 ಸೆಂಟ್ಸಿಗೆ ಸುಮಾರು 90 ಗುಂಡಿ ಹಿಡೀತದೆ ಆದ್ರೆ ಮೊದಲ ವರ್ಷ 90 ಮಾಡ್ಬೇಡಿ, 30 ಸಾಕು, ಉಳಿದದ್ರಲ್ಲಿ ಅಲಸಂಡೆ, ಹರಿವೆ, ಸೌತೆ ಹಾಕಿ. 30 ಗುಂಡಿಯನ್ನು ದಿನಾ ನೋಡ್ಲಿಕ್ಕೆ ಒಬ್ಬರಿಗೆ ಅರ್ಧ ಗಂಟೆ ಸಾಕು, 90 ಆದ್ರೆ ಯಾರೂ ಸರಿ ನೋಡುವುದಿಲ್ಲ.

ನಮ್ಮದು ಮುರಕಲ್ಲಿನ ಹುಳಿ ಮಣ್ಣು, ಅದಕ್ಕೆ ಗುಂಡಿಗೆ ಒಂದೆರಡು ಹಿಡಿ ಸುಣ್ಣ ಅಥವಾ ಡೋಲಮೈಟ್ ಹಾಕಿ ಮಣ್ಣಲ್ಲಿ ಬೆರೆಸಿ ಹದಿನೈದು ದಿನ ಬಿಡಿ, ಗೊಬ್ಬರದ ಒಟ್ಟಿಗೇ ಹಾಕ್ಬೇಡಿ. ಮತ್ತೆ ಒಂದು ಬುಟ್ಟಿ ಹುಡಿಯಾದ ಹಟ್ಟಿಗೊಬ್ಬರ, ಸುಡುಮಣ್ಣು ಇದ್ರೆ ಅದು, ಒಂದು ಹಿಡಿ ಬೇವಿನ ಹಿಂಡಿ. ಹಸಿ ಸೆಗಣಿ ಬೇಡ, ಬೇರು ಸುಡ್ತದೆ. ಬೀಜ ಒಂದು ರಾತ್ರಿ ನೀರಲ್ಲಿಟ್ಟು ಗುಂಡಿಗೆ ನಾಲ್ಕೈದು ಹಾಕಿ, ಮೊಳಕೆ ಬರ್ಲಿಕ್ಕೆ ಒಂದು ವಾರ, ಎರಡು ವಾರ ಆದ ಮೇಲೆ ಗಟ್ಟಿ ಇರುವ ಮೂರನ್ನು ಬಿಟ್ಟು ಉಳಿದದ್ದನ್ನು ತೆಗೀರಿ. ಈ ತೆಗೆಯುವ ಕೆಲಸ ನಮ್ಮ ಅತ್ತೆಗೆ ಆಗ್ತಿರ್ಲಿಲ್ಲ, ಹುಟ್ಟಿದ್ದನ್ನು ಕೀಳುವುದು ಹೇಗೆ ಅಂತ ಅವರ ಬೇಜಾರು, ಕಿತ್ತದ್ದನ್ನು ತಗೊಂಡು ಹೋಗಿ ಗೊಬ್ಬರದ ಗುಂಡಿ ಬದಿಯಲ್ಲಿ ನೆಡ್ತಿದ್ರು, ಕೆಲವು ಬದುಕುತ್ತಲೂ ಇತ್ತು.

ಗುಂಡಿ ಕೆಲಸ ಕೆಡ್ಡಸದ ಮೊದಲೇ ಮುಗಿಸಿ. ಫೆಬ್ರವರಿಯ ಆ ಮೂರು ದಿನ ನಾವು ಮಣ್ಣಿಗೆ ಹಾರೆ ತಾಗಿಸುವುದಿಲ್ಲ, ಭೂಮಿತಾಯಿಗೆ ವಿಶ್ರಾಂತಿ, ನೀರು ಹಾಕುವುದು ಮಾತ್ರ.

ನೀರಿನ ವಿಷಯ. ಸಸಿ ಇರುವಾಗ ಮೂರು ನಾಲ್ಕು ದಿನಕ್ಕೊಮ್ಮೆ ಸಾಕು, ಹೂ ಬಿಟ್ಟು ಕಾಯಿ ಕಟ್ಟುವಾಗ ದಿನ ಬಿಟ್ಟು ದಿನ. ಬುಡಕ್ಕೆ ಹಾಕಿ, ಎಲೆ ಮೇಲೆ ಪೈಪ್ ಹಿಡೀಬೇಡಿ, ಎಲೆಗೆ ರೋಗ ಹೆಚ್ಚಾಗ್ತದೆ. ಮಾರ್ಚ್ ಕೊನೆಗೆ ಬಾವಿ ತಳ ಕಾಣುವ ಮನೆಗಳಲ್ಲಿ ನೀರು ಎಷ್ಟುಂಟು ಅಂತ ಮೊದಲು ನೋಡಿ ಮತ್ತೆ ಗುಂಡಿ ಲೆಕ್ಕ ಮಾಡಿ. ನಮಗೆ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು, ಬೇಸಿಗೆಯಲ್ಲಿ ಬೆರಳು ದಪ್ಪ ಬರ್ತದೆ, ರಾತ್ರಿಯಿಡೀ ಟ್ಯಾಂಕಿಗೆ ಬಿದ್ದದ್ದನ್ನು ಬೆಳಗ್ಗೆ ಬಿಡ್ತೇವೆ. ತೋಡಿಗೆ ಊರವರು ಸೇರಿ ಕಟ್ಟ ಕಟ್ಟುವ ಜಾಗ ಆದ್ರೆ ಇನ್ನೂ ಒಳ್ಳೇದು, ಗದ್ದೆಯ ತಂಪು ಏಪ್ರಿಲ್‌ವರೆಗೂ ಇರ್ತದೆ. ಬುಡಕ್ಕೆ ತರಗೆಲೆ, ಅಡಿಕೆ ಸೋಗೆ ದಪ್ಪಕ್ಕೆ ಹಾಕಿ, ಅರ್ಧ ನೀರು ಉಳೀತದೆ.

ನಮ್ಮ ಬಳ್ಳಿ ತುಂಬ ಹೂ, ಒಂದು ಕಾಯಿ ಇಲ್ಲ. ಪುಟ್ಟ ಕಾಯಿ ಕಾಣ್ತದೆ, ನಾಲ್ಕು ದಿನದಲ್ಲಿ ಹಳದಿಯಾಗಿ ಬೀಳ್ತದೆ. ಗೊಬ್ಬರ ಸಾಲದಾ? (ಕುಂಬಳೆ, ಪೈವಳಿಕೆ, ನೀರ್ಚಾಲಿನಿಂದ ಮೂವರು)

ಗೊಬ್ಬರ ಸಾಲದ್ದಲ್ಲ, ಪರಾಗ ಸಾಲದ್ದು. ದಯವಿಟ್ಟು ಯೂರಿಯ ಹಾಕ್ಲಿಕ್ಕೆ ಹೋಗ್ಬೇಡಿ, ಒಂದು ವರ್ಷ ನಾವು ಹಾಕಿ ಬಳ್ಳಿ ಪಕ್ಕದ ಕಂಗಿನ ತೋಟದವರೆಗೆ ಓಡಿತ್ತು, ಎಲೆ ಒಂದೊಂದು ಮುಟ್ಟಾಳೆಯಷ್ಟು, ಕಾಯಿ ಮಾತ್ರ ಬೆರಳೆಣಿಕೆ.

ಚೀನಿಕಾಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಒಂದೇ ಬಳ್ಳಿಯಲ್ಲಿ ಎರಡೂ ಇರ್ತದೆ. ಮೊದಲು ಬರುವುದು ಗಂಡು ಹೂ, ಉದ್ದ ತೊಟ್ಟಿನ ಮೇಲೆ ನೆಟ್ಟಗೆ ನಿಂತದ್ದು. ಮತ್ತೆ ಒಂದು ವಾರ ಹತ್ತು ದಿನ ಬಿಟ್ಟು ಹೆಣ್ಣು ಹೂ, ಅದಕ್ಕೆ ಗಿಡ್ಡ ತೊಟ್ಟು, ಹೂವಿನ ಕೆಳಗೆ ಗೋಲಿಯಷ್ಟು ಕಾಯಿ ಮೊದಲೇ ಇರ್ತದೆ. ಹಾಗಾಗಿ ಸುರುವಿನ ವಾರ ಹೂ ಎಲ್ಲ ಉದುರಿದ್ರೆ ಹೆದರ್ಬೇಡಿ, ಅದು ಉದುರುವುದೇ. ಹೆಣ್ಣು ಹೂ ಬಂದ ಮೇಲೆ ಆ ಗೋಲಿ ಹಳದಿಯಾಗಿ ಬಿದ್ರೆ ಪರಾಗ ತಾಗ್ಲಿಲ್ಲ ಅಂತ ಅರ್ಥ.

ಹೂ ಅರಳುವುದು ಬೆಳಕು ಹರಿಯುವ ಮೊದಲು, ಬಿಸಿಲು ಏರಿ ಹತ್ತು ಗಂಟೆ ಆಗುವಾಗ ಮುದುಡಿ ಆಯ್ತು, ನಾಳೆ ಮತ್ತೆ ಅರಳುವುದಿಲ್ಲ. ಅಂದ್ರೆ ಒಂದು ಹೆಣ್ಣು ಹೂವಿಗೆ ಸಿಗುವುದು ಜೀವಮಾನದಲ್ಲಿ ಮೂರು ನಾಲ್ಕು ಗಂಟೆ. ಆ ಹೊತ್ತಲ್ಲಿ ಜೇನು ಬರ್ಬೇಕು, ಅಥವಾ ನಾವು ಹೋಗ್ಬೇಕು.

ಮಾಡುವುದು ಹೇಗೆ ಅಂದ್ರೆ, ಆರೂವರೆಯಿಂದ ಎಂಟರೊಳಗೆ ಹೋಗಿ. ಅವತ್ತೇ ಅರಳಿದ ಗಂಡು ಹೂ ಒಂದನ್ನು ತೊಟ್ಟು ಸಮೇತ ಕೊಯ್ದು ಎಸಳನ್ನೆಲ್ಲ ಹಿಂದಕ್ಕೆ ಸುಲಿದು ತೆಗೀರಿ. ಮಧ್ಯದಲ್ಲಿ ಒಂದು ಹಳದಿ ಕಡ್ಡಿ ಉಳೀತದೆ, ಬೆರಳು ತಾಗಿಸಿದ್ರೆ ಅರಸಿನ ಹುಡಿ ಹಾಗೆ ಅಂಟ್ತದೆ, ಅಂಟದಿದ್ರೆ ಆ ಹೂ ಬೇಡ, ಇನ್ನೊಂದು ನೋಡಿ. ಹೆಣ್ಣು ಹೂವಿನ ಒಳಗೆ ಮೂರು ಭಾಗವಾಗಿ ಬಿರಿದ ದಪ್ಪ ತುದಿ ಇರ್ತದೆ, ಈ ಕಡ್ಡಿಯನ್ನು ಅದರ ಮೂರೂ ಕಡೆಗೆ ಮೆಲ್ಲ ಒರೆಸಿ. ಒಂದೇ ಕಡೆ ಒರೆಸಿದ್ರೆ ಕಾಯಿ ಸೊಟ್ಟ ಬೆಳೀತದೆ. ಒಂದು ಗಂಡು ಹೂವಲ್ಲಿ ಎರಡು ಮೂರು ಹೆಣ್ಣು ಹೂವಿಗೆ ಮಾಡ್ಬಹುದು. ಎರಡು ದಿನ ಬಿಟ್ಟು ಹೋಗಿ ನೋಡಿ, ಹಿಡಿದ ಕಾಯಿ ತೊಟ್ಟು ಬಗ್ಗಿಸಿ ಕೆಳಗೆ ಮುಖ ಮಾಡಿರ್ತದೆ, ಹಸಿರು ಹೊಳೀತಾ ಇರ್ತದೆ. ಅದನ್ನು ನೋಡುವ ಖುಷಿ ನನಗೆ ಇಷ್ಟು ವರ್ಷ ಆದ್ರೂ ಕಡಿಮೆ ಆಗ್ಲಿಲ್ಲ.

ಮನೆ ಹತ್ರ ತುಡುವೆ ಜೇನಿನ ಪೆಟ್ಟಿಗೆ ಇದ್ರೆ ಇಷ್ಟೆಲ್ಲ ಬೇಡ, ಅವೇ ಮಾಡ್ತವೆ, ಮಿಸರಿ (ಮುಳ್ಳಿಲ್ಲದ ಸಣ್ಣ) ಜೇನೂ ಬರ್ತದೆ. ನಮ್ಮಲ್ಲಿ ಎರಡು ಪೆಟ್ಟಿಗೆ ಇಟ್ಟ ಮೇಲೆ ಕೈ ಕೆಲಸ ಮೋಡದ ದಿನಕ್ಕೆ ಮಾತ್ರ. ಉಳಿದ ಗಂಡು ಹೂ ಬಿಸಾಡ್ಬೇಡಿ, ಕಡ್ಡಿ ತೆಗೆದು ಅಕ್ಕಿಹಿಟ್ಟು ಕಡಲೆಹಿಟ್ಟಲ್ಲಿ ಅದ್ದಿ ಕಾಯಿಸಿದ್ರೆ ಒಳ್ಳೆ ಪೋಡಿ.

ಅಪ್ಪನಿಗೆ 70, ನಾನು ಮಂಗಳೂರಿಗೆ ಕೆಲಸಕ್ಕೆ, ತಮ್ಮ ಬ್ಯಾಂಕಲ್ಲಿ, ಇಬ್ಬರು ಸೊಸೆಯಂದಿರು, ಮಕ್ಕಳು. ತೋಟ ಎಲ್ಲರದ್ದು ಅಂತ ಸುರು ಮಾಡಿದ್ದು, ಈಗ ಯಾರದ್ದೂ ಅಲ್ಲ ಅಂತಾಗಿದೆ, ಪ್ರತಿ ಆದಿತ್ಯವಾರ ಅದೇ ಜಗಳ. (ಉಪ್ಪಳ)

ಈ ಕಾಗದ ಓದಿ ನನಗೆ ನಮ್ಮನೆಯೇ ನೆನಪಾಯ್ತು. ಆದಿತ್ಯವಾರ ಎಲ್ಲರೂ ಸೇರಿ ಎಂಟು ಗಂಟೆ ದುಡಿದ್ರೂ ಚೀನಿಕಾಯಿಗೆ ಅದು ಲೆಕ್ಕಕ್ಕಿಲ್ಲ ಅಣ್ಣ. ಅದಕ್ಕೆ ಬೇಕಾದ್ದು ದಿನಾ ಬೆಳಗ್ಗೆ ಅರ್ಧ ಗಂಟೆ. ಹೂವಿಗೆ ಪರಾಗ ಒರೆಸುವುದು ಬೆಳಗ್ಗೆ, ಎಲೆ ತಿನ್ನುವ ಕೆಂಪು ದುಂಬಿ ತಂಪಿಗೆ ಮರಗಟ್ಟಿ ಕೂತಿರುವುದು ಬೆಳಗ್ಗೆ, ಬಿಸಿಲು ಬಂದ್ರೆ ಕೈಗೆ ಸಿಗುವುದಿಲ್ಲ ಹಾರಿ ಹೋಗ್ತದೆ, ರಾತ್ರಿ ಹಂದಿ ಎಲ್ಲಿಂದ ನುಗ್ಗಿದೆ ಅಂತ ಹೆಜ್ಜೆ ಕಾಣುವುದೂ ಬೆಳಗ್ಗೆಯೇ. ನಮ್ಮವರೂ ಮೈದುನನೂ ಒಂದು ಸಲ ಮದುವೆ ಮನೆ ಅಂತ ಹೋಗಿ, ನನಗೆ ಜ್ವರ, ಮಾವನಿಗೆ ಕಾಲು ನೋವು, ಸರಿಯಾಗಿ ಆರು ದಿನ ಸಾಲಿಗೆ ಯಾರೂ ಇಳೀಲಿಲ್ಲ. ಏಳನೇ ದಿನ ಹೋಗಿ ನೋಡಿದ್ರೆ ಹಿಡಿದ ಎಳೆಕಾಯಿ ಮುಕ್ಕಾಲುಪಾಲು ಹಣ್ಣುನೊಣ ಚುಚ್ಚಿ ಅಂಟು ಇಳೀತಿತ್ತು. ಆ ದಿನ ಮಾವ ಎಂತದೂ ಬೈಲಿಲ್ಲ, ಕಾಯಿ ಒಂದೊಂದೇ ಹೆಕ್ಕಿ ಚೀಲಕ್ಕೆ ಹಾಕಿ ಬಂದ್ರು, ಮರುದಿನ ಬೆಳಗ್ಗೆ ಆರು ಗಂಟೆಗೆ ಊರುಗೋಲು ಹಿಡಿದು ಅವರೇ ಇಳಿದಿದ್ರು.

ಆಮೇಲೆ ನಾವು ಕೆಲಸ ಹಂಚಲಿಲ್ಲ, ವಾರ ಹಂಚಿದೆವು. ಕ್ಯಾಲೆಂಡರಲ್ಲಿ ಬರೆದದ್ದು, ಸೋಮವಾರ ನಾನು, ಮಂಗಳವಾರ ಮೈದುನನ ಹೆಂಡತಿ, ಹೀಗೆ. ಅವತ್ತಿನ ಬೆಳಗ್ಗೆ ಯಾರದ್ದೋ ಅವರೇ ಇಡೀ ಸಾಲಿಗೆ ಯಜಮಾನ, ಹೂವಿಂದ ಹಿಡಿದು ನೀರಿನವರೆಗೆ. ನೀವು ಮಂಗಳೂರಿಗೆ ಹೋಗುವ ಮೊದಲು ಎರಡು ದಿನ ಇಳಿಯಿರಿ, ತಮ್ಮನಿಗೆ ಎರಡು, ಮನೆ ಹೆಂಗಸರಿಗೆ ಎರಡು. ಅಪ್ಪನಿಗೆ ಒಂದು ದಿನ ಖಂಡಿತ ಕೊಡಿ, ವಯಸ್ಸಾಯ್ತು ಕೂತ್ಕೊಳ್ಳಿ ಅಂತ ಹೇಳ್ಬೇಡಿ. ಮಕ್ಕಳು ಶಾಲೆ ಬಸ್ಸಿಗೆ ಮೊದಲು ಹೂ ಒರೆಸ್ಲಿ, ಅವರ ಕೈ ಸಣ್ಣ, ನಮಗಿಂತ ನಾಜೂಕು ಮಾಡ್ತಾರೆ. ನಮ್ಮ ಮಗಳು ತಾನು ಒರೆಸಿದ ಕಾಯಿಗೆ ಬಾಳೆನಾರು ಕಟ್ಟಿ ಗುರುತು ಮಾಡ್ತಿದ್ಲು, ಅದನ್ನು ಕೊಯ್ಯುವ ದಿನ ಅವಳಿಲ್ಲದೆ ಯಾರಿಗೂ ಮುಟ್ಲಿಕ್ಕಿಲ್ಲ.

ದುಡ್ಡಿನ ವಿಷಯ ಮಾತ್ರ ಸುರುವಿಗೇ ಮಾತಾಡಿ ಮುಗಿಸಿ. ಬೀಜ, ಗೊಬ್ಬರದ ಖರ್ಚು ಕಳೆದು ಉಳಿದದ್ದು ಯಾರಿಗೆ ಎಷ್ಟು ಅಂತ ಕಾಯಿ ಕಟ್ಟುವ ಮೊದಲೇ. ಕಾಯಿ ಕಂಡ ಮೇಲೆ ಮಾತು ಬೇರೆಯಾಗ್ತದೆ.

ಹಣ್ಣುನೊಣಕ್ಕೆ ತುಳಸಿ ಬಲೆ ಇಟ್ಟೆ, ನೊಣ ರಾಶಿ ಬಿತ್ತು, ಆದ್ರೂ ಕಾಯಿ ಕೊಳೀತಾನೇ ಇದೆ. ಪೇಟೆಯಲ್ಲಿ ಒಬ್ಬರು ಒಂದು ಔಷಧಿ ಕೊಟ್ಟಿದ್ದಾರೆ, ವಾರಕ್ಕೊಮ್ಮೆ ಹೊಡೀಲಿಕ್ಕೆ. ಹೊಡೀಲಾ? (ಪೆರ್ಲ)

ತುಳಸಿ ಬಲೆಗೆ ಬೀಳುವುದು ಮಾವಿನ ನೊಣ. ಚೀನಿಕಾಯಿ, ಹಾಗಲ, ಸೌತೆ ಹಾಳು ಮಾಡುವ ನೊಣ ಬೇರೆ ಜಾತಿ, ಅದಕ್ಕೆ ತುಳಸಿ ವಾಸನೆ ಆಗ್ಲಿಕ್ಕಿಲ್ಲ, ಅದಕ್ಕೆ ಕ್ಯೂಲ್ಯೂರ್ ಅಂತ ಬೇರೆ ಬಲೆ ಸಿಗ್ತದೆ, ತರಕಾರಿಗೆ ಅಂತ ಹೇಳಿ ಕೇಳಿ. ಹೂ ಬಿಡುವ ಮೊದಲೇ ತೂಗಿಸಿ. ಅದರಲ್ಲೂ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಬಲೆ ಇಟ್ಟು ಕೂತ್ಕೊಂಡ್ರೆ ಆಗ್ಲಿಕ್ಕಿಲ್ಲ. ಹೆಣ್ಣು ನೊಣ ಎಳೆಕಾಯಿಯ ಸಿಪ್ಪೆ ಚುಚ್ಚಿ ಮೊಟ್ಟೆ ಇಡ್ತದೆ, ಒಳಗೆ ಹುಳ ಆಗಿ ಕಾಯಿ ಬಿದ್ದ ಮೇಲೆ ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರ್ತದೆ. ಬಿದ್ದ ಕಾಯನ್ನು ಬಳ್ಳಿ ಬುಡದಲ್ಲೇ ಬಿಟ್ರೆ ನಾವೇ ನೊಣ ಸಾಕಿದ ಹಾಗೆ. ದಿನಾ ಹೆಕ್ಕಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿಡಿ, ಇಲ್ಲ ಎರಡಡಿ ಆಳಕ್ಕೆ ಹೂಳಿ. ಹಿಡಿದ ಎಳೆಕಾಯಿಗೆ ಮೂರನೇ ದಿನ ಹಳೆ ಪೇಪರಿನ ತೊಟ್ಟೆ ಮಾಡಿ ಸಡಿಲಕ್ಕೆ ಕಟ್ಟಿ, ಹಿಡಿಯಷ್ಟು ದೊಡ್ಡದಾಗಿ ಸಿಪ್ಪೆ ಗಟ್ಟಿಯಾಗುವವರೆಗೆ. 30 ಗುಂಡಿಗೆ ಇದು ಕಷ್ಟದ ಕೆಲಸ ಅಲ್ಲ.

ದುಂಬಿಗೆ ಸಸಿ ಇರುವಾಗ ಇಬ್ಬನಿ ಇರುವ ಹೊತ್ತಲ್ಲೇ ಒಲೆ ಬೂದಿ ಎಲೆ ಮೇಲೆ ತೆಳ್ಳಗೆ ಉದುರಿಸಿ, ಉಳಿದದ್ದನ್ನು ಕೈಯಲ್ಲೇ ಹಿಡಿದು ಸಾಬೂನು ನೀರಿಗೆ ಹಾಕಿ. ಬೂದಿರೋಗಕ್ಕೆ ಒಂದು ಪಾಲು ಹಾಲಿಗೆ ಹತ್ತು ಪಾಲು ನೀರು, ಬೆಳಗ್ಗೆ ಬಿಸಿಲು ಬೀಳುವ ಹೊತ್ತಿಗೆ ಸ್ಪ್ರೇ ಮಾಡಿ. ಎಲೆ ಹಳದಿ ಹಸಿರು ಚುಕ್ಕಿ ಚುಕ್ಕಿಯಾಗಿ ಮುರುಟಿದ್ರೆ ಅದು ವೈರಸ್, ಅದಕ್ಕೆ ಔಷಧಿಯೇ ಇಲ್ಲ, ಆ ಬಳ್ಳಿ ಕಿತ್ತು ಸುಡಿ.

ಇನ್ನು ಆ ಬಾಟಲಿ. ಹೆಸರೇ ಇಲ್ಲದ, ಲೇಬಲ್ ಓದ್ಲಿಕ್ಕೆ ಆಗದ ಔಷಧಿಯನ್ನು ಊಟದ ಕಾಯಿಗೆ ವಾರ ವಾರ ಹೊಡೀಲಿಕ್ಕೆ ನಾನು ಯಾವತ್ತೂ ಹೇಳ್ಲಿಕ್ಕಿಲ್ಲ. ನಿಮ್ಮದು ಪೆರ್ಲ. ಸ್ವರ್ಗ, ಪಡ್ರೆ ಎಲ್ಲ ನಿಮ್ಮ ಪಕ್ಕವೇ. ಗೇರು ತೋಟಕ್ಕೆ ಹೆಲಿಕಾಪ್ಟರಿಂದ 2000ನೇ ಇಸವಿವರೆಗೆ 20 ವರ್ಷಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಹೊಡೆದು ಯಾವ ಯಾವ ಮನೆಯಲ್ಲಿ ಎಂತೆಂತ ಆಯ್ತು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿದ್ದು 2011ರಲ್ಲಿ, ಮಲಗಿದಲ್ಲೇ ದೊಡ್ಡವರಾದ ಮಕ್ಕಳ ತಾಯಂದಿರು ಇವತ್ತಿಗೂ ನಮ್ಮ ಅಕ್ಕಪಕ್ಕ ಇದ್ದಾರೆ. ಆ ಮಣ್ಣಲ್ಲಿ ಕೂತು ಎರಡು ಬುಟ್ಟಿ ಕಾಯಿ ಹೆಚ್ಚು ಬರ್ಲಿ ಅಂತ ಗೊತ್ತಿಲ್ಲದ್ದನ್ನು ಹೊಡೀಲಿಕ್ಕೆ ಕೈ ಹೇಗೆ ಬರ್ತದೆ? ಕೋಪ ಮಾಡ್ಕೊಳ್ಬೇಡಿ ಅಣ್ಣ, ನಿಮ್ಮ ಮಕ್ಕಳೂ ಅದೇ ಕಾಯಿ ತಿನ್ನುವುದು, ಅದಕ್ಕೆ ಹೇಳಿದ್ದು. ಮತ್ತೆ ಹೂ ಇರುವಾಗ ಬೆಳಗ್ಗೆ ಹೊಡೆದ ಯಾವ ಕೀಟನಾಶಕ ಆದ್ರೂ ಮೊದಲು ಕೊಲ್ಲುವುದು ಜೇನನ್ನು. ಬೇವಿನೆಣ್ಣೆ ಲೀಟರಿಗೆ 5 ಎಂಎಲ್, ಸ್ವಲ್ಪ ಸಾಬೂನು ಕಲಕಿ ಹೊಡೆಯುವುದಾದ್ರೂ ಸಂಜೆ ಹೂ ಮುದುಡಿದ ಮೇಲೆ ಹೊಡೀರಿ.

ಹಂದಿ ಕಾಟ. ಹಳೆ ಸೀರೆ ಕಟ್ಟಿ ಆಯ್ತು, ರೇಡಿಯೋ ಇಟ್ಟು ಆಯ್ತು. ಕೆಲವರು ಮನೆ ಕರೆಂಟಿನ ವಯರ್ ಎಳೀರಿ ಅಂತಾರೆ. (ಅಡೂರು)

ಬೇಡ, ಬೇಡ, ಬೇಡ. ಮನೆ ಕರೆಂಟನ್ನು ಬೇಲಿಗೆ ಕೊಡುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಕುತ್ತು. ಅದರಲ್ಲಿ ಸಾಯುವುದು ಹಂದಿ ಮಾತ್ರ ಅಲ್ಲ, ರಾತ್ರಿ ನೀರು ನೋಡ್ಲಿಕ್ಕೆ ಇಳಿದ ಮನೆಯವರೇ ಹೋಗಿದ್ದಾರೆ. ಸೋಲಾರ್ ಬೇಲಿ ಬೇರೆ, ಅದರಲ್ಲಿ ಬಿಟ್ಟು ಬಿಟ್ಟು ಸಣ್ಣ ಶಾಕ್ ಅಷ್ಟೇ, ಪ್ರಾಣಿಗೂ ಮನುಷ್ಯನಿಗೂ ಜೀವ ಹೋಗುವುದಿಲ್ಲ, ನಾಲ್ಕು ಮನೆ ಸೇರಿದ್ರೆ ಖರ್ಚು ಹಗುರ. ನಾವು ಕಡಲ ಕರೆಯಿಂದ ಮೀನಿನ ಹಳೆ ಬಲೆ ತಂದು ಎರಡು ಸುತ್ತು ಕಟ್ಟಿದ್ದೇವೆ, ಕೆಳಗಿನ ಅಂಚನ್ನು ಮಣ್ಣಲ್ಲಿ ಹೂತು ಕಲ್ಲು ಪೇರಿಸಿ. ಹಂದಿ ನುಗ್ಗುವುದು ಕೆಳಗಿಂದ, ಮೇಲೆ ಎಷ್ಟು ಎತ್ತರ ಕಟ್ಟಿದ್ರೂ ಪ್ರಯೋಜನ ಇಲ್ಲ. ತೀರಾ ಹೆಚ್ಚಾದ್ರೆ ಪಂಚಾಯತಿಗೆ ಅರ್ಜಿ ಕೊಡಿ, ಬೆಳೆ ಹಾಳು ಮಾಡುವ ಹಂದಿಯನ್ನು ಲೈಸೆನ್ಸ್ ಇರುವವರಿಂದ ಹೊಡೆಸ್ಲಿಕ್ಕೆ ಆದೇಶ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿದೆ. ಅರ್ಜಿ ಕನ್ನಡದಲ್ಲೇ ಬರೀರಿ, ನಮ್ಮ ಭಾಷೆಯಲ್ಲಿ ಬರೀಲಿಕ್ಕೆ ಹಿಂಜರಿಕೆ ಯಾಕೆ?

ಅಮೆರಿಕದಲ್ಲಿರುವ ತಂಗಿ ಫೋಟೋ ಕಳಿಸಿದ್ಲು, ಅಲ್ಲಿ ಕುಟುಂಬದವರು ನಡೆಸುವ ಚೀನಿಕಾಯಿ ತೋಟಕ್ಕೆ ಜನ ಟಿಕೆಟ್ ಕೊಟ್ಟು ಬಂದು ತಾವೇ ಕಾಯಿ ಆರಿಸಿ ತಗೊಂಡು ಹೋಗ್ತಾರಂತೆ. ನಮ್ಮಲ್ಲೂ ಆಗ್ಬಹುದಾ? (ಮಂಜೇಶ್ವರ)

ಅಲ್ಲಿಯ ಕತೆ ಬೇರೆ. ಅಕ್ಟೋಬರ್ 31ಕ್ಕೆ ಅವರ ಹ್ಯಾಲೋವೀನ್, ಕಾಯಿ ಒಳಗೆ ಕೊರೆದು ಮುಖ ಮಾಡಿ ದೀಪ ಇಡುವ ಕ್ರಮ. ಅಲ್ಲಿ ಚಳಿ ಮುಗಿದ ಮೇಲೆ ಮೇ ಕೊನೆ, ಜೂನಲ್ಲಿ ಬಿತ್ತಿ, ಮಂಜು ಬಿದ್ದು ಬಳ್ಳಿ ಸಾಯುವ ಮೊದಲು ಕಾಯಿ ಮುಗಿಸ್ಬೇಕು, ಇಡೀ ವರ್ಷದ ದುಡಿಮೆ ಆ ನಾಲ್ಕೈದು ವಾರದ ಮೇಲೆ ನಿಂತಿರ್ತದೆ. ಹುಲ್ಲಿನ ಗಾಡಿ ಸವಾರಿ, ಜೋಳದ ಗದ್ದೆಯಲ್ಲಿ ದಾರಿ ಹುಡುಕುವ ಆಟ ಎಲ್ಲ ಇಡ್ತಾರೆ. ಕೊರೆಯುವ ಆ ಕಾಯಿ ಹೆಚ್ಚಾಗಿ ಬೇರೆ ಜಾತಿ, ರುಚಿಯಲ್ಲಿ ನಮ್ಮದರ ಹತ್ರ ಬರ್ಲಿಕ್ಕಿಲ್ಲ.

ನಮ್ಮಲ್ಲಿ ಅಕ್ಟೋಬರಿಗೆ ಹೊಂದುವುದಿಲ್ಲ, ಆದ್ರೆ ಜನವರಿಯಲ್ಲಿ ಹಾಕಿದ ಕಾಯಿ ಬಲಿಯುವುದು ಏಪ್ರಿಲ್ ಕೊನೆಯಲ್ಲಿ, ಸರಿಯಾಗಿ ಶಾಲೆ ರಜೆ, ಬೆಂಗಳೂರು ಮುಂಬೈಯವರು ಊರಿಗೆ ಬರುವ ಕಾಲ. ಟಿಕೆಟ್ ಎಲ್ಲ ಬೇಡ. ಬಂದವರು ಸಾಲಲ್ಲಿ ನಡೆದು ಕಾಯಿ ಆರಿಸ್ಲಿ, ತೂಗಿ ಕೊಡಿ, ಒಂದು ಲೋಟ ಪುನರ್ಪುಳಿ ಶರಬತ್ತು ಕೊಡಿ. ಮೂರು ವರ್ಷದಿಂದ ನಾವು ರಜೆಯಲ್ಲಿ ಎರಡು ವಾರ ಹೀಗೆ ಮಾಡ್ತಿದ್ದೇವೆ, ಅಂಗಡಿ ರೇಟಿಗಿಂತ ಒಳ್ಳೆ ರೇಟು ಕೊಟ್ಟು ತಗೊಂಡು ಹೋಗ್ತಾರೆ, ಅಜ್ಜನ ಮನೆಯ ಚೀನಿಕಾಯಿ ಅಂತ. ಕೊಯ್ಯುವುದು ಮಾತ್ರ ನೀವೇ ಮಾಡಿ, ಮಕ್ಕಳು ಬಳ್ಳಿ ಎಳೆದ್ರೆ ಪಕ್ಕದ ಮೂರು ಎಳೆಕಾಯಿ ಹೋಗ್ತದೆ.

ವಿಷುವಿಗೆ ಮಾರ್ಬೇಕು ಅಂತ ಬಲಿಯದ್ದನ್ನು ಕೊಯ್ಯಬೇಡಿ. ಕಣಿಗೆ ಬೇಕಾದ್ದು ಬಣ್ಣದ ಸೌತೆ, ಆ ದಿನ ರೇಟು ಅದಕ್ಕೆ. ಚೀನಿಕಾಯಿ ಕಾಯ್ತದೆ. ಊರ ದೇವಸ್ಥಾನದ ಜಾತ್ರೆ, ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಹೋಗುವಾಗ ಮೊದಲ ಬುಟ್ಟಿ ನಮ್ಮನೆಯಿಂದ ಹೋಗ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಟ್ಟದಲ್ಲಿಟ್ಟ ಕಾಯಿ ಆಟಿ ತಿಂಗಳೊಳಗೆ (ಜುಲೈ-ಆಗಸ್ಟ್) ಕೊಳೀತದೆ. ಅಜ್ಜಿ ಕಾಲದಲ್ಲಿ ದೀಪಾವಳಿವರೆಗೆ ಇರ್ತಿತ್ತಂತೆ. (ನೀರ್ಚಾಲು)

ಮೂರು ಕಾರಣ ಇರ್ಬಹುದು. ಬಲಿಯುವ ಮೊದಲು ಕೊಯ್ದದ್ದು, ತೊಟ್ಟು ಮುರಿದದ್ದು, ಪೆಟ್ಟಾದದ್ದು. ಪರಾಗ ಒರೆಸಿದ ದಿನದಿಂದ 40, 50 ದಿನ ಬೇಕು. ತೊಟ್ಟು ಒಣಗಿ ಬೆಂಡಿನ ಹಾಗೆ ಆಗ್ಬೇಕು, ಉಗುರು ಒತ್ತಿದ್ರೆ ಸಿಪ್ಪೆ ಒಳಗೆ ಹೋಗಬಾರದು, ಬೆರಳಲ್ಲಿ ಬಡಿದ್ರೆ ಟೊಳ್ಳು ಶಬ್ದ. ಕತ್ತಿಯಲ್ಲಿ ಮೂರು ಇಂಚು ತೊಟ್ಟು ಬಿಟ್ಟು ಕೊಯ್ಯಿರಿ, ತೊಟ್ಟು ಹಿಡಿದು ಎತ್ತಬೇಡಿ, ಮಗುವನ್ನು ಎತ್ತುವ ಹಾಗೆ ಕೆಳಗೆ ಕೈ ಕೊಟ್ಟು ಎತ್ತಿ. ಹತ್ತು ದಿನ ಜಗಲಿಯಲ್ಲಿ ಗಾಳಿಗಿಟ್ಟು ಮತ್ತೆ ಅಟ್ಟಕ್ಕೆ. ಒಂದರ ಮೇಲೊಂದು ಪೇರಿಸ್ಬೇಡಿ, ಅಡಿಗೆ ಬೈಹುಲ್ಲು ಹಾಕಿ ಒಂದಕ್ಕೊಂದು ತಾಗದ ಹಾಗೆ ಇಡಿ, ಹದಿನೈದು ದಿನಕ್ಕೊಮ್ಮೆ ತಿರುಗಿಸಿ ನೋಡಿ. ಗದ್ದೆಯಲ್ಲಿರುವಾಗಲೇ ಪ್ರತಿ ಕಾಯಿ ಅಡಿಗೆ ಒಂದು ಅಡಿಕೆ ಹಾಳೆ ಕೊಟ್ರೆ ಮಣ್ಣಿನ ತೇವ ತಾಗದೆ ಅಡಿಭಾಗ ಗಟ್ಟಿ ಇರ್ತದೆ, ಇದು ಅತ್ತೆ ಹೇಳಿಕೊಟ್ಟದ್ದು. ಅಜ್ಜಿ ಕಾಲದಲ್ಲಿ ಅಟ್ಟದ ಕೆಳಗೆ ಕಟ್ಟಿಗೆ ಒಲೆ ಇತ್ತು, ಹೊಗೆ ಬಿಸಿಗೆ ಅಟ್ಟ ಮಳೆಗಾಲದಲ್ಲೂ ಒಣಗಿರ್ತಿತ್ತು. ಈಗ ಗ್ಯಾಸು. ಹಾಗಾಗಿ ಅಡಿಗೆಮನೆಗಿಂತ ಗಾಳಿ ಆಡುವ ಕೋಣೆಯೇ ಒಳ್ಳೇದು.

ಮಳೆಗಾಲದಲ್ಲಿ ಹೊಸ ಬಳ್ಳಿ ಹಾಕುವುದಿದ್ರೆ ಗೊಬ್ಬರದ ಗುಂಡಿ ಬದಿ ಅಥವಾ ಗುಡ್ಡೆ ಇಳಿಜಾರಲ್ಲಿ ದಿಬ್ಬ ಮಾಡಿ ನಾಲ್ಕು ಹಾಕಿ, ಕಾಯಿ ಆಸೆ ಇಟ್ಕೊಳ್ಬೇಡಿ, ಮಳೆಗೆ ಪರಾಗ ತೊಳೆದು ಹೋಗ್ತದೆ. ಕುಡಿ ಮುರಿದು ನಾರು ತೆಗೆದು ಪಲ್ಯ ಮಾಡಿ, ಕರ್ಕಾಟಕದಲ್ಲಿ ಮಲಯಾಳಿಗಳು ಮಾಡುವ ಪತ್ತಿಲೆಯಲ್ಲೂ ಮತ್ತನ್ ಎಲೆ ಸೇರ್ತದೆ. ಅಟ್ಟದ ಕಾಯಿ ಒಡೆದ ದಿನ ನಮ್ಮಲ್ಲಿ ತಿರುಳಿನ ಬೋಳುಹುಳಿ, ಸಿಪ್ಪೆಯ ಚಟ್ನಿ, ಸಂಜೆಗೆ ಬಾಳೆಎಲೆಯಲ್ಲಿ ಗಟ್ಟಿ. ಅಳಸಂಡೆ ಕಾಳು ಹಾಕಿದ ಎರಿಶ್ಶೇರಿ ಕಲಿತದ್ದು ಪಕ್ಕದ ಮನೆಯ ಚೇಚಿಯಿಂದ.

ಮನೆ ಕಾಯಿಯ ಬೀಜ ಇಟ್ಟು ಹಾಕಿದೆ, ಈ ವರ್ಷ ಒಂದು ಬಳ್ಳಿ ಕಾಯಿ ಕಹಿ. ಹತ್ತಿರ ಹಾಗಲ ಬಳ್ಳಿ ಇತ್ತು, ಅದಕ್ಕಾ? (ಬೋವಿಕ್ಕಾನ)

ಹಾಗಲಕ್ಕೂ ಚೀನಿಕಾಯಿಗೂ ಬೆರಕೆ ಆಗುವುದೇ ಇಲ್ಲ, ಬೇರೆ ಬೇರೆ ಕುಲ. ಬೂದುಗುಂಬಳ, ಸೌತೆ, ಹೀರೆ ಯಾವುದರ ಒಟ್ಟಿಗೂ ಆಗುವುದಿಲ್ಲ, ಅಕ್ಕಪಕ್ಕ ಧೈರ್ಯವಾಗಿ ಹಾಕಿ. ಆದ್ರೆ ಎರಡು ತಳಿಯ ಚೀನಿಕಾಯಿ ಒಟ್ಟಿಗೆ ಇದ್ರೆ ಜೇನು ಎರಡನ್ನೂ ಬೆರೆಸ್ತದೆ, ಬೀಜದಿಂದ ಬಂದದ್ದು ಅಮ್ಮನ ಹಾಗೆ ಇರ್ಲಿಕ್ಕಿಲ್ಲ. ಕಹಿ ಕಾಯನ್ನು ಉಪ್ಪು ಬೆಲ್ಲ ಹಾಕಿ ಸರಿ ಮಾಡಿ ತಿನ್ನಬೇಡಿ, ಹೊಟ್ಟೆ ಕೆಟ್ಟು ವಾಂತಿಭೇದಿ ಆಗ್ತದೆ, ಅದರ ಬೀಜವನ್ನೂ ಇಡ್ಬೇಡಿ, ಆ ಬಳ್ಳಿ ತೆಗೆದು ಬಿಡಿ.

ಬೀಜಕ್ಕೆ ಅಂತ ಒಳ್ಳೆ ಬಳ್ಳಿಯಲ್ಲಿ ಎರಡು ಕಾಯಿ ಮೊದಲೇ ಗುರುತು ಮಾಡಿ. ಮಾರನೇ ದಿನ ಅರಳುವ ಹೆಣ್ಣು ಮೊಗ್ಗು, ಗಂಡು ಮೊಗ್ಗು ಎರಡನ್ನೂ ಸಂಜೆ ನೋಡಿ, ತುದಿ ಹಳದಿಯಾಗಿ ಉಬ್ಬಿರ್ತದೆ, ಬಾಳೆನಾರಲ್ಲಿ ಬಾಯಿ ಕಟ್ಟಿ. ಬೆಳಗ್ಗೆ ಬಿಚ್ಚಿ ಪರಾಗ ಒರೆಸಿ ಹೆಣ್ಣು ಹೂವನ್ನು ಮತ್ತೆ ಕಟ್ಟಿ. ಕಾಯಿ ಪೂರ್ತಿ ಬಲಿತು ಕೊಯ್ದ ಮೇಲೆ ಒಂದು ತಿಂಗಳು ಹಾಗೇ ಇಟ್ಟು ಒಡೆದು, ಬೀಜ ತೊಳೆದು ನೀರಲ್ಲಿ ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ನೆರಳಲ್ಲಿ ಒಣಗಿಸಿ, ಬೂದಿ ಕಲಸಿ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಬಾಟಲಿ ಮೇಲೆ ಚೀನಿಕಾಯಿ ಅಂತ ಹೆಸರೂ ಇಸವಿಯೂ ಬರೆದಿಡಿ.